ಫ್ಯಾನ್ಸಿ ಅಂಗಡಿಯ ಬಿಳುಪಿನ ಕ್ರೀಮುಗಳು: ಜಾಹೀರಾತು ಹೇಳುವುದು, ಟ್ಯೂಬಿನಲ್ಲಿರುವುದು

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ಮುಖ ಬೆಳ್ಳಗಾಗಿಸುವ ಕ್ರೀಮು ಕೇಳಿದವರಿಗೆ ಮೂರು ಬಗೆಯದ್ದು ಸಿಗುತ್ತದೆ. ಟಿವಿಯಲ್ಲಿ ಕಂಡ ಹೆಸರಿನವು ಫ್ಯಾನ್ಸಿ ಅಂಗಡಿಯ ಎದುರು ಕಪಾಟಿನಲ್ಲೇ ಇರುತ್ತವೆ, ಸ್ಯಾಶೆಗಳ ಮಾಲೆ ಮೇಲಿಂದ ತೂಗುತ್ತಿರುತ್ತದೆ. ಡಾಕ್ಟರ ಚೀಟಿ ಬೇಕಾದ ಟ್ಯೂಬುಗಳು ಮೆಡಿಕಲ್‌ನಲ್ಲಿ. ಮೂರನೆಯದು ಕೆಲವು ಕಡೆ ಕೇಳಿದರೆ ಮಾತ್ರ ಹೊರಗೆ ಬರುವ ಪುಟ್ಟ ಡಬ್ಬಿ. ಗಲ್ಫಿನದ್ದು, ಒಂದೇ ವಾರದಲ್ಲಿ ಗೊತ್ತಾಗುತ್ತದೆ ಎಂಬ ಮಾತು ಅದರ ಜೊತೆಗೇ ಬರುತ್ತದೆ. ಈ ಮೂರನ್ನೂ ಒಟ್ಟಿಗೆ ವಿಮರ್ಶಿಸಬೇಕಾಗಿದೆ. ಮೊದಲನೆಯದರ ಜಾಹೀರಾತು ಹುಟ್ಟಿಸಿದ ಆಸೆಯೇ ಗಿರಾಕಿಯನ್ನು ಮೂರನೆಯದರವರೆಗೆ ನಡೆಸಿಕೊಂಡು ಹೋಗುತ್ತದೆ.

ಮೊದಲ ಬಗೆಯಲ್ಲಿ ಎಲ್ಲರಿಗೂ ಗೊತ್ತಿರುವುದು ಗ್ಲೋ ಆಂಡ್ ಲವ್ಲಿ. 1975ರಲ್ಲಿ ಫೇರ್ ಆಂಡ್ ಲವ್ಲಿ ಎಂಬ ಹೆಸರಲ್ಲಿ ಬಂತು, 2020ರ ಜುಲೈಯಲ್ಲಿ ಹೆಸರು ಬದಲಾಯಿತು. ಇಂಥ ಕ್ರೀಮುಗಳಲ್ಲಿ ಇರುವುದು ಹೆಚ್ಚುಕಮ್ಮಿ ಒಂದೇ: ನೀರು, ಸ್ಟಿಯರಿಕ್ ಆಮ್ಲ, ಗ್ಲಿಸರಿನ್, ನಿಯಾಸಿನಮೈಡ್ ಎಂಬ ಬಿ3 ವಿಟಮಿನ್, ಬಿಸಿಲು ತಡೆಯುವ ಒಂದೆರಡು ರಾಸಾಯನಿಕ, ಟೈಟಾನಿಯಂ ಡೈಆಕ್ಸೈಡ್, ಪರಿಮಳ. ಹಚ್ಚಿದ ಕೂಡಲೇ ಮುಖ ತಿಳಿಯಾದಂತೆ ಕಾಣುವುದು ಟೈಟಾನಿಯಂ ಡೈಆಕ್ಸೈಡಿನ ಕೆಲಸ. ಗೋಡೆಯ ಬಿಳಿ ಪೈಂಟಿಗೆ ಬಳಸುವುದೂ ಅದೇ ಪುಡಿ. ಅದು ಚರ್ಮದ ಮೇಲೆ ಕೂರುವ ಪದರ, ಸಂಜೆ ಮುಖ ತೊಳೆದರೆ ಹೋಯಿತು. ನಮ್ಮ ಕರಾವಳಿಯ ಸೆಕೆಯಲ್ಲಿ ಸಂಜೆಯವರೆಗೂ ನಿಲ್ಲುವುದಿಲ್ಲ. ಬೆವರು ಇಳಿದ ಕಡೆ ಗೆರೆ ಮೂಡುತ್ತದೆ, ದವಡೆಯ ಕೆಳಗೆ ಮುಖದ ಬಣ್ಣ ಒಂದು, ಕುತ್ತಿಗೆಯ ಬಣ್ಣ ಇನ್ನೊಂದು.

ನಿಯಾಸಿನಮೈಡಿನಲ್ಲಿ ನಿಜವಾಗಿಯೂ ಗುಣವಿದೆ. ಬಣ್ಣದ ಕಣಗಳು ಅವು ಹುಟ್ಟುವ ಜೀವಕೋಶದಿಂದ ಚರ್ಮದ ಮೇಲಿನ ಕೋಶಗಳಿಗೆ ಸಾಗುವುದನ್ನು ಅದು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಒಂದೆರಡು ತಿಂಗಳು ಬಿಡದೆ ಹಚ್ಚಿದರೆ ಕಲೆ ತಿಳಿಯಾಗಬಹುದು, ಬಿಸಿಲಿಗೆ ಕಂದಿದ್ದು ಕಡಿಮೆಯಾಗಬಹುದು. ಅಲ್ಲಿಗೆ ಮುಗಿಯಿತು. ತೋಳಿನ ಒಳಬದಿಯಲ್ಲಿ, ಬಿಸಿಲು ಬೀಳದ ಜಾಗದಲ್ಲಿ ಚರ್ಮ ಯಾವ ಬಣ್ಣದ್ದೋ ಅದೇ ನಿಮ್ಮ ಬಣ್ಣ. ಅದಕ್ಕಿಂತ ಬೆಳ್ಳಗಾಗಿಸುವ ಶಕ್ತಿ ಈ ಟ್ಯೂಬಿಗಿಲ್ಲ.

ಬಿಸಿಲಿನ ರಕ್ಷಣೆಗೂ ಇದನ್ನು ನಂಬುವಂತಿಲ್ಲ. ಎಸ್‌ಪಿಎಫ್, ಅಂದರೆ ಬಿಸಿಲನ್ನು ಎಷ್ಟು ತಡೆಯುತ್ತದೆ ಎಂಬ ಅಂಕಿ, ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ನೋಡುತ್ತಾರೆ. ಮುಖಕ್ಕೇ ಅದು ಒಂದು ಗ್ರಾಮಿಗಿಂತ ಹೆಚ್ಚಾಗುತ್ತದೆ: ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಎಳೆದ ಎರಡು ಗೆರೆಯಷ್ಟು. ದಿನಕ್ಕೊಮ್ಮೆ ಹೀಗೆ ಹಚ್ಚಿದರೆ 25 ಗ್ರಾಮಿನ ಟ್ಯೂಬು ಇಪ್ಪತ್ತೈದು ದಿನದೊಳಗೆ ಖಾಲಿ. ಜಾಹೀರಾತು ಕಲಿಸಿಕೊಟ್ಟದ್ದು ಬೇರೆ: ಹಣೆಗೊಂದು, ಗಲ್ಲಕ್ಕೊಂದು, ಎರಡು ಕೆನ್ನೆಗೆ ಒಂದೊಂದು ಚುಕ್ಕೆ. ಅಷ್ಟರಲ್ಲಿ ಪೆಟ್ಟಿಗೆಯ ಮೇಲಿನ ಎಸ್‌ಪಿಎಫ್ ಮುಖಕ್ಕೆ ದಕ್ಕುವುದಿಲ್ಲ. ಅಂಗಳದಲ್ಲಿ ಅಡಕೆ ಒಣಹಾಕುವವರು, ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವ ಕಾಲೇಜಿನವರು ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಬೇರೆಯೇ ಕೊಳ್ಳಲಿ, ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಹಚ್ಚಲಿ. ಚರ್ಮ ಒಣಗದಂತೆ ಇಡಲು ಮಾತ್ರವಾದರೆ ಈ ಕ್ರೀಮು ಪರವಾಗಿಲ್ಲ.

ಆದರೆ ಜನ ಕೊಡುವ ದುಡ್ಡು ಚರ್ಮ ಒಣಗದಿರಲಿ ಎಂದಲ್ಲ. ಬಿಳಿ ಬಣ್ಣದ ಮೋಹ ಜಾಹೀರಾತಿಗಿಂತ ಹಳೆಯದು. ಹೆಣ್ಣು ನೋಡಲು ಬಂದವರ ಬಾಯಲ್ಲಿ, ಪತ್ರಿಕೆಯ ವಧು-ವರ ಅಂಕಣದಲ್ಲಿ ಅದು ಮೊದಲೇ ಇತ್ತು. ಜಾಹೀರಾತು ಅದಕ್ಕೊಂದು ಅಳತೆಯನ್ನೂ ಒಂದು ಗಡುವನ್ನೂ ಕೊಟ್ಟಿತು. ಅಳತೆಗೆ ಶೇಡ್ ಕಾರ್ಡ್: ಕಂದಿನಿಂದ ತಿಳಿಬಣ್ಣದವರೆಗಿನ ಪಟ್ಟಿಯನ್ನು ಕೆನ್ನೆಗೆ ಹಿಡಿದು ತಾನು ಎಷ್ಟನೆಯ ಮೆಟ್ಟಿಲಲ್ಲಿದ್ದೇನೆ ಎಂದು ನೋಡಿಕೊಳ್ಳುವುದು. ಕನ್ನಡಿಯಲ್ಲಿ ಅಲ್ಲಿಯವರೆಗೆ ಬರೀ ಮುಖವಾಗಿದ್ದದ್ದು ಅವತ್ತಿನಿಂದ ಕೆಳಗಿನ ಮೆಟ್ಟಿಲಾಯಿತು. ಗಡುವಿಗೆ ಇಂತಿಷ್ಟು ವಾರ ಎಂಬ ಮಾತು. ಶೇಡ್ ಕಾರ್ಡನ್ನೂ ಎರಡು ಮುಖಗಳ ಚಿತ್ರವನ್ನೂ ಫೇರ್ ಆಂಡ್ ಲವ್ಲಿಯ ಕಂಪನಿಯೇ 2019ರಲ್ಲಿ ಪೊಟ್ಟಣದಿಂದ ತೆಗೆದಿದೆ. ಕಪ್ಪು ಬಣ್ಣದವರನ್ನು ಸೋತವರಂತೆ, ದುಃಖಿಗಳಂತೆ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿಯೂ 2014ರಲ್ಲೇ ನಿಯಮ ಮಾಡಿದೆ. ಆದರೂ ಮೂರು ತಲೆಮಾರಿನ ತಲೆಯಲ್ಲಿ ಕೂತ ಅಳತೆ ಪೆಟ್ಟಿಗೆ ಬದಲಾದ ಮಾತ್ರಕ್ಕೆ ಇಳಿಯುವುದಿಲ್ಲ.

ಮೊದಲು-ನಂತರ ಎಂಬ ಜೋಡಿ ಚಿತ್ರ ಎಲ್ಲಿ ಕಂಡರೂ ಕ್ರೀಮನ್ನು ಬಿಟ್ಟು ಬೆಳಕನ್ನು ನೋಡಿ. ಮೊದಲಿನದರಲ್ಲಿ ಬೆಳಕು ಮೇಲಿಂದ ಅಥವಾ ಒಂದು ಪಕ್ಕದಿಂದ ಬೀಳುತ್ತದೆ, ಕಣ್ಣಿನ ಕೆಳಗೆ ನೆರಳು, ಕೂದಲು ಕೆದರಿದೆ, ನಗುವಿಲ್ಲ. ನಂತರದ್ದರಲ್ಲಿ ಬೆಳಕು ನೇರ ಎದುರಿನಿಂದ, ಬಟ್ಟೆ ತಿಳಿಬಣ್ಣದ್ದು, ಗಲ್ಲ ಸ್ವಲ್ಪ ಮೇಲೆ. ಹಿಂದಿನ ಗೋಡೆಯೇ ಎರಡರಲ್ಲೂ ಬೇರೆ ಬೇರೆ ಬಣ್ಣ ಕಂಡರೆ ಬದಲಾದದ್ದು ದೀಪ.

ಗಂಡಸರಿಗೆ 2005ರಲ್ಲಿ ಇಮಾಮಿಯ ಫೇರ್ ಆಂಡ್ ಹ್ಯಾಂಡ್ಸಮ್ ಬಂತು. ಅದನ್ನು 2013ರಲ್ಲಿ 79 ರೂಪಾಯಿಗೆ ಕೊಂಡ ದೆಹಲಿಯ ಗ್ರಾಹಕರೊಬ್ಬರು, ಹೇಳಿದಂತೆ ಹಚ್ಚಿದರೂ ಬಣ್ಣ ಬದಲಾಗಲಿಲ್ಲ ಎಂದು ದೂರು ಕೊಟ್ಟರು. ದೆಹಲಿಯ ಜಿಲ್ಲಾ ಗ್ರಾಹಕ ವೇದಿಕೆ 2024ರ ಡಿಸೆಂಬರಿನಲ್ಲಿ ಕಂಪನಿಗೆ 14.5 ಲಕ್ಷ ರೂಪಾಯಿಯ ದಂಡ ಹಾಕಿ, ದೂರುದಾರರಿಗೆ 50,000 ಪರಿಹಾರ ಕೊಡಬೇಕೆಂದು ಆದೇಶಿಸಿತು. ಕಂಪನಿಯ ವಾದ ಗಮನಿಸಬೇಕಾದ್ದು: ಬಳಸಿದ್ದು ಸರಿಯಾಗಿಲ್ಲ, ಫಲ ಸಿಗಲು ಒಳ್ಳೆಯ ಆಹಾರ, ವ್ಯಾಯಾಮ ಎಲ್ಲ ಬೇಕು ಎಂದು. ಪೊಟ್ಟಣದ ಮೇಲೆ ಇದು ಯಾವುದೂ ಇರಲಿಲ್ಲ. ಕ್ರೀಮು ಸೋತಾಗ ತಪ್ಪು ಹಚ್ಚಿದವರ ಹೆಗಲಿಗೆ ಬೀಳುತ್ತದೆ. ಹಾಗೆ ಹೊತ್ತವರಲ್ಲಿ ಹೆಚ್ಚಿನವರು ಗ್ರಾಹಕ ವೇದಿಕೆಗೆ ಹೋಗುವುದಿಲ್ಲ, ಇನ್ನೂ ಜೋರಿನದ್ದು ಬೇಕೆಂದು ಅಂಗಡಿಗೇ ಮರಳುತ್ತಾರೆ.

ಮೆಡಿಕಲ್‌ನ ಟ್ಯೂಬಿನಲ್ಲಿರುವುದು ಸಾಮಾನ್ಯವಾಗಿ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಎಂಬ ಸ್ಟಿರಾಯ್ಡ್. ಡಾಕ್ಟರು ಹೇಳಿದಷ್ಟು ವಾರ, ಹೇಳಿದ ಕಲೆಗೆ ಮಾತ್ರ ಹಚ್ಚಬೇಕಾದ ಔಷಧ ಅದು. ಅದನ್ನೇ ಫೇಸ್ ಕ್ರೀಮಿನಂತೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಕಾಣುತ್ತವೆ, ಮೊಡವೆ ಏಳುತ್ತದೆ. ನಿಲ್ಲಿಸಿದರೆ ಉರಿ, ಮತ್ತೆ ಹಚ್ಚಿದರೆ ಸಮಾಧಾನ. ಹೀಗೆ ಬಿಡಿಸಲಾಗದ ಗಂಟಾಗುತ್ತದೆ. ಈ ಗಂಟಿಗೆ ಸಿಕ್ಕವರು ತಾವಾಗಿಯೇ ನಿಲ್ಲಿಸದೆ ಚರ್ಮದ ಡಾಕ್ಟರ ಬಳಿ ಹೋಗಲಿ.

ಡಬ್ಬಿಯ ವಿಷಯ ಇದಕ್ಕಿಂತ ಗಂಭೀರ. ಜಾಹೀರಾತಿನ ಗಡುವನ್ನು ನಿಜಕ್ಕೂ ಪಾಲಿಸುವುದು ಇಂಥ ಡಬ್ಬಿಗಳಲ್ಲಿ ಸಿಗುವ ಪಾದರಸ. ಬಣ್ಣ ತಯಾರಿಸುವ ಕಿಣ್ವಕ್ಕೆ ತಾಮ್ರ ಬೇಕು. ಪಾದರಸ ಆ ಜಾಗವನ್ನು ಕಸಿದು ತಯಾರಿಯನ್ನೇ ನಿಲ್ಲಿಸುತ್ತದೆ, ಜೊತೆಗೆ ಚರ್ಮದೊಳಗೆ ಇಳಿದು ಮೂತ್ರಪಿಂಡ ಸೇರುತ್ತದೆ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರಿನವರೆಗೆ ಕಂಡ ಮೆಂಬ್ರೇನಸ್ ನೆಫ್ರೋಪತಿಯ (ಮೂತ್ರಪಿಂಡದ ಸೋಸುವ ಪೊರೆ ಕೆಟ್ಟು ಮೂತ್ರದಲ್ಲಿ ಪ್ರೋಟೀನ್ ಸೋರುವ ಕಾಯಿಲೆ) 22 ರೋಗಿಗಳ ಪೈಕಿ 15 ಮಂದಿಯಲ್ಲಿ ಒಂದು ಅಪರೂಪದ ಬಗೆ ಸಿಕ್ಕಿತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚಿದವರು. ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಕೇರಳದ ಡ್ರಗ್ಸ್ ಕಂಟ್ರೋಲ್ ಇಲಾಖೆಯೂ ಆಪರೇಷನ್ ಸೌಂದರ್ಯ ಎಂಬ ಹೆಸರಲ್ಲಿ ಅಂಗಡಿಗಳ ತಪಾಸಣೆಗೆ ಇಳಿಯಿತು.

ಈ ಡಬ್ಬಿಗಳ ಬರಹ ಕನ್ನಡದಲ್ಲೂ ಇರುವುದಿಲ್ಲ, ಮಲಯಾಳದಲ್ಲೂ ಇರುವುದಿಲ್ಲ. ಆದ್ದರಿಂದ ಏನು ಹುಡುಕಬೇಕೆಂದು ಗೊತ್ತಿರಲಿ. ತಯಾರಕರ ವಿಳಾಸ, ಬ್ಯಾಚ್ ನಂಬರ್, ನಮ್ಮ ದೇಶದ್ದಾದರೆ ಲೈಸೆನ್ಸ್ ನಂಬರ್, ಹೊರದೇಶದ್ದಾದರೆ ಆಮದು ನೋಂದಣಿ ಸಂಖ್ಯೆ ಇರಲೇಬೇಕು. ಒಂದು ಇಲ್ಲದಿದ್ದರೂ ಕೊಳ್ಳಬೇಡಿ. ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಮರ್ಕ್ಯುರಿಕ್ ಅಯೊಡೈಡ್, ಅಮೋನಿಯೇಟೆಡ್ ಮರ್ಕ್ಯುರಿ ಎಲ್ಲವೂ ಪಾದರಸವೇ. ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ, ರಬ್ಬರಿಗೆ ತಾಗಿಸಬೇಡಿ ಎಂಬ ಎಚ್ಚರಿಕೆ ಇದ್ದರೆ ಅದೂ ಪಾದರಸದ ಗುರುತು. ಪಟ್ಟಿಯಲ್ಲಿ ಹೆಸರಿಲ್ಲ ಎಂದಾಕ್ಷಣ ನಂಬುವಂತಿಲ್ಲ, ಹಾಕುವವರು ಬರೆಯುವುದಿಲ್ಲ.

ಈಗಾಗಲೇ ಇಂಥ ಡಬ್ಬಿಯ ಕ್ರೀಮು ಹಚ್ಚುತ್ತಿರುವವರು ಇವತ್ತೇ ನಿಲ್ಲಿಸಿ. ಬಣ್ಣ ಮೊದಲಿಗಿಂತ ಕಂದಿದಂತೆ ಕಾಣಬಹುದು, ಹೆದರಿ ಮತ್ತೆ ಶುರು ಮಾಡಬೇಡಿ. ಮೂತ್ರದಲ್ಲಿ ನೊರೆ, ಬೆಳಿಗ್ಗೆ ಕಣ್ಣಿನ ಸುತ್ತ ಊತ, ಪಾದದಲ್ಲಿ ಬಾವು ಇದ್ದರೂ ಇಲ್ಲದಿದ್ದರೂ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ಒಂದು ಸಲ ನೋಡಿಸಿ. ಯಾವ ಲ್ಯಾಬಿನಲ್ಲೂ ಆಗುವ ಸಾಮಾನ್ಯ ಪರೀಕ್ಷೆ ಅದು. ಡಾಕ್ಟರ ಬಳಿ ಹೋಗುವಾಗ ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಒಯ್ಯಿರಿ. ಮಕ್ಕಳ ಕೈಗೆ ಸಿಗದಿರಲಿ, ಹಚ್ಚಿದ ಮುಖವನ್ನು ಒರೆಸಿದ ಬೈರಾಸನ್ನೂ ಮಕ್ಕಳಿಗೆ ಬಳಸಬೇಡಿ. ದೂರು ಕೊಡುವುದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೇಸು ಹಾಕಬಹುದು, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಬಿಲ್ಲು ಮಾತ್ರ ಬೇಕು. ಕೌಂಟರಿನ ಕೆಳಗಿನಿಂದ ಬರುವ ಡಬ್ಬಿಗೆ ಬಿಲ್ಲು ಕೇಳಿ ನೋಡಿ, ಕೊಡಲು ಒಪ್ಪದಿದ್ದರೆ ಅಲ್ಲೇ ಬಿಟ್ಟು ಬನ್ನಿ.