ಓಪನ್ ಸ್ಕೂಲ್‌ನಲ್ಲಿ ಹತ್ತನೆಯ ತರಗತಿ: ಉಡುಪಿಯ ಹೊಲಿಗೆ ಅಂಗಡಿಯಲ್ಲಿದ್ದುಕೊಂಡೇ ಓದಿ ಮುಗಿಸಿದ ಅನುಭವ

ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಈ ಸ್ಥಾನಗಳು ಅದಲುಬದಲಾದವು. ಇಂಥ ಊರಿನಲ್ಲಿ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವರು ಓದಿನ ಮಾತು ಬಂದಾಗಲೆಲ್ಲ ಸುಮ್ಮನಾಗಿಬಿಡುತ್ತಾರೆ. ನಾನೂ ಬಹುಕಾಲ ಹಾಗೆಯೇ ಇದ್ದವಳು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ ಹತ್ತನೆಯದನ್ನು ಮುಗಿಸಿ, ಈಗ ಅಲ್ಲಿಯೇ ಹನ್ನೆರಡನೆಯದಕ್ಕೆ ಓದುತ್ತಿರುವುದರಿಂದ, ಈ ವ್ಯವಸ್ಥೆಯನ್ನು ಸಾಕಷ್ಟು ಕಾಲ ಬಳಸಿ ನೋಡಿದ್ದೇನೆ ಎನ್ನಬಹುದು.

ರಾಜ್ಯ ಮಂಡಳಿಯ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ನನಗಿತ್ತು. ಆದರೆ ಅಲ್ಲಿ ಗಣಿತ, ವಿಜ್ಞಾನ ಸೇರಿ ಆರು ವಿಷಯಗಳನ್ನು ಓದಬೇಕು. ಓಪನ್ ಸ್ಕೂಲ್‌ನಲ್ಲಿ ಒಂದು ಭಾಷೆಯಾದರೂ ಇರುವಂತೆ ಐದು ವಿಷಯಗಳು ಸಾಕು. ನಾನು ಕನ್ನಡ, ಇಂಗ್ಲಿಷ್, ಸಮಾಜ ವಿಜ್ಞಾನ, ಗೃಹ ವಿಜ್ಞಾನ ಮತ್ತು ಡೇಟಾ ಎಂಟ್ರಿ ಆರಿಸಿಕೊಂಡೆ. ಒಮ್ಮೆ ಮಾಡಿದ ನೋಂದಣಿ ಐದು ವರ್ಷ ಊರ್ಜಿತವಾಗಿರುತ್ತದೆ, ಅಷ್ಟರೊಳಗೆ ಪರೀಕ್ಷೆ ಬರೆಯಲು ಒಂಬತ್ತು ಅವಕಾಶಗಳಿರುತ್ತವೆ, ಪಾಸಾದ ವಿಷಯದ ಅಂಕಗಳು ಹಾಗೆಯೇ ಉಳಿಯುತ್ತವೆ. ದುಡಿದು ಉಣ್ಣುವವರ ಪಾಲಿಗೆ ಈ ವ್ಯವಸ್ಥೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ. ಏಪ್ರಿಲ್‌ನಿಂದ ಜೂನ್‌ವರೆಗೆ ಮದುವೆಯ ಬ್ಲೌಸುಗಳು, ಅದರ ಬೆನ್ನಿಗೇ ಶಾಲೆಯ ಯೂನಿಫಾರ್ಮು ಎಂದು ನಮ್ಮ ಅಂಗಡಿಯಲ್ಲಿ ತಲೆ ಎತ್ತಲು ಪುರಸೊತ್ತಿರುವುದಿಲ್ಲ. ಆದ್ದರಿಂದ ಏಪ್ರಿಲ್–ಮೇ ಪರೀಕ್ಷೆಗೆ ಸುಲಭವೆನಿಸಿದ ಎರಡು ವಿಷಯಗಳನ್ನಷ್ಟೇ ಇಟ್ಟುಕೊಂಡು, ಉಳಿದವನ್ನು ಮಳೆಗಾಲದಲ್ಲಿ ಓದಿ ಅಕ್ಟೋಬರ್–ನವೆಂಬರ್ ಪರೀಕ್ಷೆಯಲ್ಲಿ ಬರೆದೆ.

ಪುಸ್ತಕಗಳ ಗಾತ್ರ ನೋಡಿ ಹೆದರುವವರು ಮೊದಲು ತಿಳಿಯಬೇಕಾದ ಸಂಗತಿ ಬೇರೆಯೇ ಇದೆ. ಪಾಠಗಳನ್ನು ಸುಮಾರು ಶೇ. 40 ಟಿಎಂಎ (ಟ್ಯೂಟರ್ ಮಾರ್ಕ್ಡ್ ಅಸೈನ್‌ಮೆಂಟ್) ಎಂಬ, ನಾವೇ ಬರೆದು ಒಪ್ಪಿಸುವ ಅಸೈನ್‌ಮೆಂಟಿಗೂ ಶೇ. 60 ಸಾರ್ವಜನಿಕ ಪರೀಕ್ಷೆಗೂ ವಿಂಗಡಿಸಿ ಸಂಸ್ಥೆಯ ಜಾಲತಾಣದಲ್ಲಿ ವಿಷಯವಾರು ಪಟ್ಟಿ ಕೊಟ್ಟಿದ್ದಾರೆ. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಪರಿವಿಡಿಯಲ್ಲಿ ಗುರುತು ಮಾಡಿಕೊಂಡರೆ ಅರ್ಧ ಆತಂಕ ಕಳೆಯುತ್ತದೆ. ಟಿಎಂಎಗೆ ಶೇ. 20 ತೂಕವಿದೆ, ಪಾಸಿಗೆ ಬೇಕಾದುದು ಶೇ. 33, ಪ್ರಾಯೋಗಿಕ ಪರೀಕ್ಷೆ ಇರುವ ವಿಷಯಗಳಲ್ಲಿ ಲಿಖಿತ ಮತ್ತು ಪ್ರಾಯೋಗಿಕ ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ನಗರದ ಒಂದು ಟ್ಯುಟೋರಿಯಲ್‌ನವರು ದುಡ್ಡು ಕೊಟ್ಟರೆ ಟಿಎಂಎ ತಾವೇ ಬರೆದುಕೊಡುವುದಾಗಿ ಹೇಳಿದ್ದರು. ಇದು ಅಕ್ರಮವಷ್ಟೇ ಅಲ್ಲ, ಓದುವವರ ಕೈಯಿಂದ ಬರೆಯುವ ಅಭ್ಯಾಸವನ್ನೇ ಕಿತ್ತುಕೊಳ್ಳುವ ಕೆಲಸ. ದಯವಿಟ್ಟು ಯಾರೂ ಒಪ್ಪಬೇಡಿ.

ಏಕೆಂದರೆ, ಶಾಲೆ ಬಿಟ್ಟು ವರ್ಷಗಳಾದವರಿಗೆ ಕಷ್ಟವಾಗುವುದು ಅರ್ಥಮಾಡಿಕೊಳ್ಳುವುದಕ್ಕಿಂತ ಹೆಚ್ಚಾಗಿ ಬರೆಯುವುದು. ಗೃಹ ವಿಜ್ಞಾನದಲ್ಲಿ ನೂಲುಗಳನ್ನು ಸುಟ್ಟು ಗುರುತಿಸುವ ವಿಚಾರ ಬರುತ್ತದೆ. ಕಟಿಂಗ್ ಮೇಜಿನ ಕೆಳಗೆ ಬಿದ್ದ ಚೂರುಗಳನ್ನೇ ಆಯ್ದು ಮೇಣದಬತ್ತಿಗೆ ಹಿಡಿದು ನೋಡಿದೆ: ಹತ್ತಿ ಕಾಗದದಂತೆ ಉರಿದು ಬೂದಿಯಾಯಿತು, ರೇಷ್ಮೆಯಿಂದ ಕೂದಲು ಸುಟ್ಟ ವಾಸನೆ ಬಂತು, ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗಿ ನಿಂತಿತು. ಬಟ್ಟೆ ಮುಟ್ಟಿದೊಡನೆ ನನಗೆ ತಿಳಿಯುವ ಈ ವ್ಯತ್ಯಾಸವನ್ನು ಅಂಕಕ್ಕೆ ತಕ್ಕಷ್ಟು ವಾಕ್ಯಗಳಲ್ಲಿ, ಕಾರಣ ಸಹಿತ ಬರೆಯಲು ಎಷ್ಟೋ ಹಾಳೆಗಳು ಬೇಕಾದವು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಎದುರಿಗಿಟ್ಟುಕೊಂಡು ಬರೆದದ್ದು ನನಗೆ ವಿಡಿಯೊ ಪಾಠಗಳಿಗಿಂತ ಎಷ್ಟೋ ಪಾಲು ಹೆಚ್ಚು ಉಪಯೋಗಕ್ಕೆ ಬಂತು. ವಿಡಿಯೊ ನೋಡುವಾಗ ಎಲ್ಲವೂ ತಿಳಿದಂತೆಯೇ ತೋರುತ್ತದೆ.

ಕನ್ನಡ ಮಾಧ್ಯಮದಲ್ಲಿ ಕಲಿತ ನಾನು ಇಂಗ್ಲಿಷ್ ಮಾಧ್ಯಮದ ಪುಸ್ತಕಗಳನ್ನು ಓದಬೇಕಾಗಿತ್ತು. ಸಮಾಜ ವಿಜ್ಞಾನಕ್ಕೆ ರಾಜ್ಯ ಪಠ್ಯಕ್ರಮದ ಎಂಟರಿಂದ ಹತ್ತನೆಯ ತರಗತಿವರೆಗಿನ ಕನ್ನಡ ಪುಸ್ತಕಗಳಲ್ಲಿ ಅದೇ ವಿಚಾರವನ್ನು ಹುಡುಕಿ ಮೊದಲು ಓದಿ, ಬಳಿಕ ಇಂಗ್ಲಿಷ್ ಪಾಠಕ್ಕೆ ಕೈಹಾಕುತ್ತಿದ್ದೆ. ಎರಡರ ಪಠ್ಯಕ್ರಮ ಪೂರ್ತಿ ಹೊಂದುವುದಿಲ್ಲ, ಆದರೂ ಸ್ವಾತಂತ್ರ್ಯ ಹೋರಾಟ, ಸಂವಿಧಾನದಂಥ ಪಾಠಗಳಿಗೆ ಈ ಕ್ರಮ ಚೆನ್ನಾಗಿ ಒದಗಿತು. ಅಧ್ಯಯನ ಕೇಂದ್ರದ ಸಂಪರ್ಕ ತರಗತಿಗಳು, ಅಂದರೆ ಅಲ್ಲಿಗೇ ಹೋಗಿ ಕೇಳುವ ಪಾಠಗಳು, ಕೇಂದ್ರದಿಂದ ಕೇಂದ್ರಕ್ಕೆ ಬೇರೆಯಾಗಿರುತ್ತವೆ. ನನ್ನ ಕೇಂದ್ರದಲ್ಲಿ ಪಾಠಕ್ಕಿಂತ ನಮೂನೆ ತುಂಬುವುದೇ ಹೆಚ್ಚು ನಡೆಯುತ್ತಿತ್ತು. ಕೇಂದ್ರವನ್ನು ಆರಿಸುವ ಮುನ್ನ ಅಲ್ಲಿ ಈಗಾಗಲೇ ಓದುತ್ತಿರುವವರನ್ನು ವಿಚಾರಿಸುವುದು ಒಳ್ಳೆಯದು.

ಎಲ್ಲರಿಗೂ ಇದನ್ನೇ ಶಿಫಾರಸು ಮಾಡಲಾರೆ. ಪಾಲಿಟೆಕ್ನಿಕ್ ಸೇರಬೇಕೆಂದಿರುವವರು, ಪಿಯುಸಿಯಲ್ಲಿ ವಿಜ್ಞಾನ ಓದಬೇಕೆಂದಿರುವವರು ಗಣಿತ, ವಿಜ್ಞಾನಗಳನ್ನು ಬಿಟ್ಟರೆ ಮುಂದೆ ಪ್ರವೇಶಕ್ಕೇ ತೊಡಕಾಗುತ್ತದೆ. ಅಂಥವರು ನೋಂದಣಿಗೆ ಮೊದಲೇ, ಸೇರಬೇಕೆಂದಿರುವ ಕಾಲೇಜಿನ ಕಚೇರಿಗೆ ಹೋಗಿ ಯಾವ ವಿಷಯಗಳು ಇರಲೇಬೇಕೆಂದು ಕೇಳಿಕೊಳ್ಳಲಿ. ಐದರ ಮೇಲೆ ಇನ್ನೆರಡು ವಿಷಯಗಳನ್ನು ಹೆಚ್ಚುವರಿಯಾಗಿ ತೆಗೆದುಕೊಳ್ಳಲು ಅವಕಾಶವಿರುವುದರಿಂದ, ಗಣಿತದ ಬಗ್ಗೆ ಅಳುಕಿದ್ದರೂ ಅದನ್ನು ಹೆಚ್ಚುವರಿ ವಿಷಯವಾಗಿ ಸೇರಿಸಿಕೊಂಡು ನಿಧಾನವಾಗಿ ಓದಬಹುದು.