ಟೋಕಿಯೋ ಡಿಸ್ನಿಲ್ಯಾಂಡ್‌ನಲ್ಲಿ ತನಬಾತ ಹಬ್ಬ

ಜುಲೈ ಮೊದಲ ವಾರ ಹೋಗಿದ್ದೆವು. ಜುಲೈ 7 ತನಬಾತ, ಜಪಾನಿನ ಕಥೆಯಲ್ಲಿ ಆಕಾಶಗಂಗೆಯ ಆಚೆ ಈಚೆ ಇರುವ ನಕ್ಷತ್ರ ಪ್ರೇಮಿಗಳು ಒರಿಹಿಮೆ, ಹಿಕೊಬೊಶಿ ವರ್ಷಕ್ಕೊಮ್ಮೆ ಸೇರುವ ದಿನ. ಮಿನ್ನಿ, ಮಿಕ್ಕಿ ಆ ಜೋಡಿಯ ವೇಷದಲ್ಲಿ ಬಂದರು, ಚೆನ್ನಾಗಿತ್ತು. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಪಾರ್ಕಿನ ಅಂಗಡಿ ಬೀದಿ ವರ್ಲ್ಡ್ ಬಜಾರ್‌ನ ಗಾಜಿನ ಚಾವಣಿ ಕೆಳಗೆ ಆಸೆ ಬರೆದು ತೂಗುಹಾಕುವ ಜಾಗ. ಮಿಕ್ಕಿ ಆಕಾರದ ಪುಟ್ಟ ಚೀಟಿ ಮೇಲೆ ಮಗಳು ‘ಅಜ್ಜಿ ಮಂಡಿನೋವು ಹೋಗ್ಲಿ’ ಅಂತ ಕನ್ನಡದಲ್ಲೇ ಬರೆದಳು, ಪಕ್ಕದಲ್ಲಿದ್ದ ಜಪಾನಿ ಅಜ್ಜಿಯೊಬ್ಬರು ನಮ್ಮ ದುಂಡಕ್ಷರ ನೋಡಿ ನಕ್ಕು, ದಾರವನ್ನು ತಾವೇ ಗಂಟು ಹಾಕಿಕೊಟ್ಟರು. ಮಾತು ಬರದಿದ್ದರೇನಂತೆ, ಅಲ್ವಾ? ಆಗ ಅಲ್ಲಿ ಮಳೆಗಾಲ. ಕೊಡೆ ಮರೆತ ನಾವು ಮಾಯಿಹಾಮ ಸ್ಟೇಷನ್ ತನಕ ನೆನೆದುಕೊಂಡೇ ನಡೆದೆವು. ಹೋಗುವವರು ರೇನ್‌ಕೋಟ್ ಇಟ್ಟುಕೊಳ್ಳಿ, ಒಂದು ಜೊತೆ ಸಾಕ್ಸೂ ಇರಲಿ.