ಯಾವ ‘ಫ್ರಾಂಕನ್‌ಸ್ಟೈನ್’ ಕೊಳ್ಳಬೇಕು? ಶಿರಸಿ, ಕಾರವಾರದ ಓದುಬಳಗಗಳಿಗೆ

ಮೇರಿ ಶೆಲ್ಲಿಯ ಈ ಕಾದಂಬರಿ ಮಾರಾಟವಾಗುವುದು ಒಂದೇ ಹೆಸರಿನಲ್ಲಿ, ಆದರೆ ಅದರ ಪಾಠ, ಅಂದರೆ ಪಠ್ಯದ ರೂಪ, ಎರಡಿವೆ. 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಮೂರು ಸಂಪುಟಗಳಲ್ಲಿ ಬಂದದ್ದು ಒಂದು. 1831ರಲ್ಲಿ ಆಕೆಯೇ ತಿದ್ದಿ ಒಂದೇ ಸಂಪುಟವಾಗಿಸಿದ್ದು ಇನ್ನೊಂದು. ರಾಕ್ಷಸ ಯಾರು ಎಂದು ಚರ್ಚಿಸಲು ಕೂರುವವರಿಗೆ ಬೇಕಾದದ್ದು ಮೊದಲನೆಯದು.

ಅದಕ್ಕೆ ಮೆರಿಲಿನ್ ಬಟ್ಲರ್ ಸಂಪಾದಿಸಿದ ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್ ಪ್ರತಿ ಒಳ್ಳೆಯದು. 1831ರ ಮುನ್ನುಡಿ ಮತ್ತು ಮುಖ್ಯ ತಿದ್ದುಪಡಿಗಳು ಅದರ ಅನುಬಂಧದಲ್ಲಿವೆ. ಇದೇ ಮಾಲೆಯಲ್ಲಿ ಎಂ. ಕೆ. ಜೋಸೆಫ್ ಸಂಪಾದಿಸಿದ 1831ರ ಪಾಠವೂ ಇರುವುದರಿಂದ ಸಂಪಾದಕರ ಹೆಸರು ನೋಡಿಯೇ ತರಿಸಿ. ಹೆಸರಿಲ್ಲದ ಅಗ್ಗದ ಪ್ರತಿಯಾದರೆ ಪರಿವಿಡಿ ತೆರೆಯಿರಿ: ಅಧ್ಯಾಯಗಳು 1ರಿಂದ 24ರವರೆಗೆ ಸಾಲಾಗಿದ್ದರೆ ಅದು 1831ರದ್ದು. 1818ರಲ್ಲಿ ಎಣಿಕೆ ಪ್ರತಿ ಸಂಪುಟಕ್ಕೂ ಹೊಸದಾಗಿ ಶುರುವಾಗುತ್ತದೆ: 7, 9, 7.

ವ್ಯತ್ಯಾಸ ಸಣ್ಣದಲ್ಲ. ಕಥಾನಾಯಕ ವಿಕ್ಟರ್ ಫ್ರಾಂಕನ್‌ಸ್ಟೈನ್ 1831ರ ಪಾಠದಲ್ಲಿ ಮಾತುಮಾತಿಗೂ ಹಣೆಬರಹವನ್ನು ಎಳೆದು ತರುತ್ತಾನೆ. 1818ರಲ್ಲಿ ಆ ಆಸರೆ ಅವನಿಗೆ ಅಷ್ಟಿಲ್ಲ. ಎಂಟು ಅಡಿಯ ಜೀವವೊಂದನ್ನು ಮಾಡಿ, ಅದು ಕಣ್ಣು ಬಿಟ್ಟ ರಾತ್ರಿಯೇ ಬಿಟ್ಟು ಓಡಿದವನು ಅವನೇ, ಓಡುವುದು ಅವನದೇ ಆಯ್ಕೆ.

ಶಿರಸಿಯ ಬೇಡರ ವೇಷ ನೋಡಿ ಬೆಳೆದವರಿಗೆ ಇಲ್ಲಿ ಹಿಡಿತ ಬೇಗ ಸಿಗುತ್ತದೆ. ಹೋಳಿಯ ರಾತ್ರಿ ನವಿಲುಗರಿ ಕಟ್ಟಿ, ತಮಟೆಗೆ ಹಾರಿ ಬರುವ ಬೇಡನನ್ನು ಹಿಂದಿನಿಂದ ಹಗ್ಗ ಹಿಡಿದು ತಡೆಯುತ್ತಾರೆ. ಆ ವೇಷದ ಹಿಂದಿನ ಕಥೆಯಲ್ಲಿ ಬೇಡ ಊರನ್ನು ಪೀಡಿಸಿದ್ದು ಮೊದಲು, ಭಯಂಕರ ಮುಖ ಆಮೇಲೆ. ಕಾದಂಬರಿಯಲ್ಲಿ ಕ್ರಮ ತಿರುಗಿದೆ: ಮುಖ ಮೊದಲು, ಕೃತ್ಯ ಆಮೇಲೆ. ಎರಡನೆಯ ಸಂಪುಟದ 7ನೇ ಅಧ್ಯಾಯದಲ್ಲಿ ಕುರುಡ ಮುದುಕನೊಬ್ಬನೇ ಆ ಜೀವದ ಜೊತೆ ಮನುಷ್ಯನಂತೆ ಮಾತಾಡುತ್ತಾನೆ. ಕಣ್ಣಿರುವ ಮಗ ಒಳಗೆ ಬಂದವನೇ ಕೋಲೆತ್ತುತ್ತಾನೆ. 8ನೇ ಅಧ್ಯಾಯದಲ್ಲಿ ನೀರಿಗೆ ಬಿದ್ದ ಹುಡುಗಿಯನ್ನು ಎತ್ತಿ ಬದುಕಿಸಿದ್ದಕ್ಕೆ ಸಿಕ್ಕ ಪ್ರತಿಫಲ ಗುಂಡೇಟು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೊಡೆದು ಒಬ್ಬರನ್ನು ಕೊಂದಿತು. ಆ ಸುದ್ದಿಯನ್ನು ಈ ಪುಟಗಳ ಪಕ್ಕದಲ್ಲಿಟ್ಟು ಓದಬೇಕು. ಹಾಗೆಂದು ಆ ಜೀವವನ್ನು ಪೂರ್ತಿ ಖುಲಾಸೆ ಮಾಡುವಂತಿಲ್ಲ. ಅದೇ 8ನೇ ಅಧ್ಯಾಯದ ಕೊನೆಗೆ ಅದು ಒಂದು ಮಗುವಿನ ಕತ್ತು ಹಿಸುಕುತ್ತದೆ, ತಪ್ಪನ್ನು ನಿರಪರಾಧಿಯೊಬ್ಬಳ ಮೇಲೆ ಬೀಳುವಂತೆ ಮಾಡುತ್ತದೆ. ಚರ್ಚೆ ಬಿಸಿಯಾಗುವುದು ಇಲ್ಲಿಯೇ, ಇದಕ್ಕೆ ಸಮಯ ಉಳಿಸಿಕೊಳ್ಳಿ.

ಬಟ್ಲರ್ ಪ್ರತಿಯಲ್ಲಿ ಕೊರತೆಗಳೂ ಇವೆ. ಅಕ್ಷರ ಸಣ್ಣದು. ಟಿಪ್ಪಣಿಗಳು ಪುಸ್ತಕದ ಕೊನೆಯಲ್ಲಿರುವುದರಿಂದ ಪದೇ ಪದೇ ಹಾಳೆ ಮಗುಚಬೇಕು. ಬಟ್ಲರ್ ಅವರ ಪೀಠಿಕೆ ಕಥೆಯನ್ನೆಲ್ಲ ಬಿಟ್ಟುಕೊಡುತ್ತದೆ, ಅದನ್ನು ಕೊನೆಗೆ ಓದಿ.

ವಿಕ್ಟರನ ಉದ್ದುದ್ದ ಇಂಗ್ಲಿಷ್ ವಾಕ್ಯಗಳಲ್ಲಿ ಹೊಸ ಓದುಗರು ಸೋತು ನಿಲ್ಲುವುದು ಮೊದಲ ಸಂಪುಟದಲ್ಲಿ. ಹಾಗಾದರೆ ಎರಡನೆಯ ಸಂಪುಟದ 3ರಿಂದ 8ನೇ ಅಧ್ಯಾಯ ಮೊದಲು ಹಿಡಿಯಿರಿ. ಅಲ್ಲಿ ಆ ಜೀವವೇ ತನ್ನ ಕಥೆ ಹೇಳುತ್ತದೆ. ಆಮೇಲೆ ಮೊದಲ ಪುಟಕ್ಕೆ ಮರಳಿದರೆ ವಿಕ್ಟರನ ಪ್ರತಿ ಮಾತನ್ನೂ ತೂಗಿ ನೋಡಬಹುದು.